ಪ್ರೋಟಾನ್ ಮೇಲ್: ಅಕ್ಕನಿಗೂ ಒಗ್ಗಿದ ಎನ್‌ಕ್ರಿಪ್ಶನ್

ಪಬ್ಲಿಕ್ ಕೀ ಅಂದರೇನು ಅಂತ ಅಕ್ಕನಿಗೆ ನಾನು ಇವತ್ತಿಗೂ ಹೇಳಿಕೊಟ್ಟಿಲ್ಲ. ಹೇಳಿಕೊಡುವ ಪ್ರಸಂಗವೇ ಬರಲಿಲ್ಲ. ಪತ್ರಗಳನ್ನು ಎನ್‌ಕ್ರಿಪ್ಟ್ ಮಾಡಿ, ಅಂದರೆ ಬೇರೆಯವರು ಓದಲಾಗದಂತೆ ಬೀಗ ಹಾಕಿ ಕಳಿಸುವ ಇಮೇಲ್ ಸೇವೆ ಪ್ರೋಟಾನ್ ಮೇಲ್‌ಗೆ ನಾನು ಧಾರಾಳವಾಗಿ ಅಂಕ ಕೊಡುವುದು ಇದಕ್ಕೇ.

ಅಮ್ಮನ ಸ್ಕ್ಯಾನ್, ರಕ್ತಪರೀಕ್ಷೆಯ ವರದಿಗಳನ್ನು ನಾವಿಬ್ಬರೂ ಇದರಲ್ಲೇ ಕಳಿಸಿಕೊಳ್ಳುತ್ತೇವೆ. ಖಾತೆ ತೆರೆಯುವಾಗಲೇ ಕೀಲಿಗಳ ಜೋಡಿ ನಮ್ಮ ಸಾಧನದಲ್ಲೇ ತಯಾರಾಗುತ್ತದೆ: ಯಾರಿಗೆ ಬೇಕಾದರೂ ಕೊಡಬಹುದಾದ ಪಬ್ಲಿಕ್ ಕೀ ಪತ್ರಕ್ಕೆ ಬೀಗ ಹಾಕುತ್ತದೆ, ನಮಗೆ ಮಾತ್ರ ಸೇರಿದ ಖಾಸಗಿ ಕೀಲಿ ಅದನ್ನು ತೆರೆಯುತ್ತದೆ. ಖಾಸಗಿ ಕೀಲಿ ನಮ್ಮ ಪಾಸ್‌ವರ್ಡಿನಿಂದ ಎನ್‌ಕ್ರಿಪ್ಟ್ ಆದ ಮೇಲಷ್ಟೇ ಅವರ ಸರ್ವರಿಗೆ ಹೋಗುತ್ತದೆ. ಎದುರಿನವರೂ ಪ್ರೋಟಾನ್‌ನಲ್ಲಿದ್ದರೆ ಅವರ ಪಬ್ಲಿಕ್ ಕೀಯನ್ನು ಆ್ಯಪ್ ತಾನೇ ತಂದುಕೊಂಡು, ಪತ್ರವನ್ನೂ ಅಟ್ಯಾಚ್‌ಮೆಂಟನ್ನೂ ಎನ್‌ಕ್ರಿಪ್ಟ್ ಮಾಡುತ್ತದೆ. ಅಕ್ಕ ಒತ್ತುವುದು ‘ಸೆಂಡ್’ ಒಂದನ್ನೇ.

ಇದು ಸಣ್ಣ ಸಾಧನೆಯಲ್ಲ. ಫಿಲ್ ಝಿಮರ್‌ಮನ್ ಮೇಲ್ ಎನ್‌ಕ್ರಿಪ್ಟ್ ಮಾಡುವ ಪಿಜಿಪಿ ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿದ್ದು 1991ರಲ್ಲಿ. 1999ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಸಂಶೋಧಕರಾದ ಆಲ್ಮಾ ವಿಟನ್ ಮತ್ತು ಡಗ್ ಟೈಗರ್, ಮೇಲ್ ಬಳಸಿ ಗೊತ್ತಿದ್ದ 12 ಜನರಿಗೆ ಪಿಜಿಪಿ 5.0 ಕೊಟ್ಟು 90 ನಿಮಿಷ ಕೂರಿಸಿದರು. ಸರಿಯಾಗಿ ಡಿಜಿಟಲ್ ಸಹಿ ಹಾಕಿ ಎನ್‌ಕ್ರಿಪ್ಟ್ ಮಾಡಿದವರು ಮೂರನೇ ಒಂದು ಪಾಲು. ಮೂವರು ಗುಟ್ಟಿನ ಸಂದೇಶವನ್ನು ಹಾಗೇ ಬಯಲಾಗಿ ಕಳಿಸಿಬಿಟ್ಟರು. ಗಣಿತ ಗಟ್ಟಿಯಾಗಿಯೇ ಇತ್ತು, ಕೀಲಿಯ ರಗಳೆಯನ್ನು ಬಳಸುವವರ ತಲೆಗೆ ಕಟ್ಟಿದ್ದು ತೊಂದರೆ. ಪ್ರೋಟಾನ್‌ನ ಒಳಗಿರುವುದೂ ಪಿಜಿಪಿಯಿಂದಲೇ ಬಂದ ಮುಕ್ತ ಮಾನದಂಡ ಓಪನ್‌ಪಿಜಿಪಿಯೇ. ಆ ರಗಳೆಯನ್ನು ಮಾತ್ರ ಆ್ಯಪ್ ತನ್ನ ಮೇಲೆ ಹಾಕಿಕೊಂಡಿದೆ.

ನನ್ನ ತಕರಾರು ಹೊರಗಿನ ವಿಳಾಸಗಳದ್ದು. ಬೇರೆ ಸೇವೆಯಲ್ಲಿರುವವರಿಗೆ ಬರೆದಾಗ ಅವರ ಕೀಲಿ ಸಿಗದಿದ್ದರೆ ಪತ್ರ ಮಾಮೂಲಿ ಮೇಲ್‌ನಂತೆಯೇ ಹೋಗುತ್ತದೆ. ದಾರಿಯಲ್ಲಿ ಟಿಎಲ್‌ಎಸ್ ರಕ್ಷಣೆ (ಸಾಗುವಾಗ ಮಾತ್ರ ಮುಚ್ಚಿಡುವ ವ್ಯವಸ್ಥೆ) ಇದ್ದರೂ ಆಚೆಯ ಸರ್ವರಿನಲ್ಲಿ ಅದು ಆ ಸೇವೆಯವರು ಓದಬಹುದಾದ ಸ್ಥಿತಿಯಲ್ಲೇ ಇರುತ್ತದೆ. ಈ ವ್ಯತ್ಯಾಸ ತಿಳಿಯಬೇಕಾದರೆ ಪುಟ್ಟ ಬೀಗದ ಚಿತ್ರವನ್ನು ಹುಡುಕಿ ನೋಡಬೇಕು. ಅವಸರದಲ್ಲಿ ವರದಿ ಕಳಿಸುವವರು ಯಾರು ನೋಡುತ್ತಾರೆ? ಕಳಿಸುವ ಮುಂಚೆಯೇ ‘ಇದಕ್ಕೆ ಬೀಗವಿಲ್ಲ’ ಅಂತ ದೊಡ್ಡದಾಗಿ ಹೇಳಬೇಕು ಅನ್ನುವುದು ನನ್ನ ಆಗ್ರಹ.

ಪಾಸ್‌ವರ್ಡ್ ಹಾಕಿ ಕಳಿಸುವ ದಾರಿ ಇದೆ. ಪಡೆದವರಿಗೆ ಒಂದು ಲಿಂಕ್ ಹೋಗುತ್ತದೆ, ಪಾಸ್‌ವರ್ಡ್ ಕೊಟ್ಟು ಓದಿ ಅಲ್ಲೇ ಉತ್ತರ ಬರೆಯಬಹುದು. ಅಮ್ಮನ ಡಾಕ್ಟರಿಗೆ ನಾವು ಹೀಗೇ ಕಳಿಸುತ್ತೇವೆ. ಆದರೆ ಆ ಪಾಸ್‌ವರ್ಡನ್ನು ಫೋನ್ ಮಾಡಿ ಹೇಳಬೇಕು, ಈ ಆಯ್ಕೆಯನ್ನು ನಾವೇ ನೆನಪಿಟ್ಟು ಒತ್ತಬೇಕು. ತಾನಾಗಿ ಆಗುವ ಸುಖ ಅಲ್ಲಿಲ್ಲ.

ಇನ್ನು, ಸಬ್ಜೆಕ್ಟ್ ಸಾಲು ಎಂಡ್-ಟು-ಎಂಡ್ (ಕಳಿಸಿದವರು, ಪಡೆದವರು ಬಿಟ್ಟು ಕಂಪನಿಗೂ ಓದಲಾಗದಂತೆ) ಎನ್‌ಕ್ರಿಪ್ಟ್ ಆಗುವುದಿಲ್ಲ; ಕಂಪನಿಯೇ ಇದನ್ನು ಹೇಳುತ್ತದೆ. ಇದೇ ಬಗೆಯ ಇನ್ನೊಂದು ಮೇಲ್ ಸೇವೆಯಾದ ಟುಟಾದಲ್ಲಿ ಆಗುತ್ತದೆ. ನಾವು ಪ್ರೋಟಾನ್‌ನ ಸಬ್ಜೆಕ್ಟ್ ಸಾಲಿನಲ್ಲಿ ‘ವರದಿ’ ಅಂತಷ್ಟೇ ಬರೆದು ರೋಗದ ಹೆಸರನ್ನು ಒಳಗಿಡುತ್ತೇವೆ.

ಹೊಸದಾಗಿ ಸೇರುವವರು ರಿಕವರಿ ಫ್ರೇಸ್‌ನ 12 ಪದಗಳನ್ನು ಖಾತೆ ತೆರೆದ ದಿನವೇ ಕಾಗದದಲ್ಲಿ ಬರೆದಿಡಿ. ಪಾಸ್‌ವರ್ಡ್ ಮರೆತು ರಿಸೆಟ್ ಮಾಡಿದರೆ ಖಾತೆ ವಾಪಸ್ ಸಿಗಬಹುದು, ಹಳೆಯ ಪತ್ರಗಳು ಮಾತ್ರ ಈ ಪದಗಳೋ ಬೇರೆ ರಿಕವರಿ ವ್ಯವಸ್ಥೆಯೋ ಇಲ್ಲದೆ ತೆರೆಯುವುದಿಲ್ಲ. ಅವನ್ನು ತೆರೆದುಕೊಡಲು ಕಂಪನಿಗೂ ಆಗುವುದಿಲ್ಲ.