ಐದು ಗ್ರಾಂ ಆಲ್ಟಿಮೀಟರ್: ಬಾಯಿ ಮುಚ್ಚಿಸಿದ ಮೇಲೆ ಒಳ್ಳೆಯದು

ಕೈಯಿಂದ ಎಸೆಯುವ ಗ್ಲೈಡರ್ ಹಾರಿಸುವವರನ್ನು ಎಷ್ಟು ಎತ್ತರ ಹೋಯಿತು ಅಂತ ಕೇಳಿ ನೋಡಿ. ಕಣ್ಣಳತೆಗೆ ಹತ್ತು ಮೀಟರ್ ಸೇರಿಸಿಯೇ ಹೇಳುತ್ತಾರೆ. ನಾನೂ ಆ ಜಾತಿಯವನೇ. ಅದಕ್ಕೇ ಗ್ಲೈಡರ್ ಮೂಗಿನೊಳಗೆ ಕೂರುವ ಪುಟ್ಟ ಆಲ್ಟಿಮೀಟರ್ ಒಂದನ್ನು ತರಿಸಿಕೊಂಡೆ. ತೂಕ 5 ಗ್ರಾಂ. ಗಾಳಿಯ ಒತ್ತಡ ಅಳೆದು ಎತ್ತರ ಲೆಕ್ಕ ಹಾಕುತ್ತದೆ, ಸೆಕೆಂಡಿಗೆ ಹತ್ತು ಸಲ ಬರೆದಿಟ್ಟುಕೊಳ್ಳುತ್ತದೆ, ಬೇಕೆಂದರೆ ಗ್ಲೈಡರನ್ನು ನಡೆಸಲು ಕೈಯಲ್ಲಿ ಹಿಡಿಯುವ ರೇಡಿಯೋ ಟ್ರಾನ್ಸ್‌ಮಿಟರ್ ಮೂಲಕ ಎತ್ತರವನ್ನು ಗಟ್ಟಿಯಾಗಿ ಹೇಳುತ್ತದೆ. ಕಂಪನಿಯ ಹೆಸರು ಹಾಕುತ್ತಿಲ್ಲ. ಮುಂದೆ ಒಂದಿಷ್ಟು ಬೈಯುವುದಿದೆ, ಮತ್ತೆ ಈ ಬಗೆಯ ಪೆಟ್ಟಿಗೆಗಳೆಲ್ಲ ಕೆಲಸ ಮಾಡುವ ರೀತಿ ಹೆಚ್ಚೂ ಕಮ್ಮಿ ಒಂದೇ.

ನಾನು ಹಾರಿಸುವುದು ಡಿಎಲ್‌ಜಿ, ಅಂದರೆ ರೆಕ್ಕೆಯ ತುದಿಯಲ್ಲಿರುವ ಪೆಗ್ (ಪುಟ್ಟ ಗೂಟ) ಹಿಡಿದು ಡಿಸ್ಕಸ್ ಥರ ತಿರುಗಿ ಬಿಡುವ ಗ್ಲೈಡರ್. ಇಂಥ ಗ್ಲೈಡರ್‌ಗಳ ಸ್ಪರ್ಧೆಗೆ ಎಫ್‌3ಕೆ ಅನ್ನುತ್ತಾರೆ. ಅದರ ನಿಯಮದಲ್ಲಿ ರೆಕ್ಕೆ 1500 ಮಿಲಿಮೀಟರ್ ದಾಟಬಾರದು, ತೂಕ 600 ಗ್ರಾಂ ದಾಟಬಾರದು. ನನ್ನದು ರೆಕ್ಕೆಯಲ್ಲಿ ಪೂರ್ತಿ ಅಳತೆಯದು, ತೂಕ ಮಾತ್ರ 260 ಗ್ರಾಂ. ಬಲಗೈಯವರು ಎಡ ರೆಕ್ಕೆಯ ತುದಿ ಹಿಡಿಯುತ್ತಾರೆ. ನಾನು ಎಡಗೈಯವನು, ನನ್ನ ಪೆಗ್ ಬಲ ರೆಕ್ಕೆಯಲ್ಲಿದೆ. ಎಸೆತ ಕಲಿಸುವ ಚಿತ್ರಗಳನ್ನೆಲ್ಲ ತಲೆಯಲ್ಲೇ ಕನ್ನಡಿ ಹಿಡಿದು ನೋಡಬೇಕು. ಅಭ್ಯಾಸವಾಗಿದೆ.

ಮೊದಲು ಕೂರಿಸುವ ವಿಚಾರ, ಯಾಕೆಂದರೆ ಪೆಟ್ಟಿಗೆಯ ಜೊತೆ ಬಂದ ಚೀಟಿಯಲ್ಲಿ "ಡಬಲ್ ಟೇಪಿನಿಂದ ಅಂಟಿಸಿ" ಅಂತ ಮಾತ್ರ ಇದೆ. ಇದು ಸಾಲದು. ಲೆಕ್ಕ ನೋಡಿ. ತಿರುಗುವಾಗ ನಿಮ್ಮ ಮೈಯ ನಡುವಿನಿಂದ ಗ್ಲೈಡರ್‌ನ ಮೂಗಿನವರೆಗೆ ಸುಮಾರು ಒಂದೂವರೆ ಮೀಟರ್. ಬಿಡುವ ಹೊತ್ತಿಗೆ ವೇಗ ಸೆಕೆಂಡಿಗೆ 28 ಮೀಟರ್ ಅಂದುಕೊಳ್ಳಿ, ಅಂದರೆ ಗಂಟೆಗೆ 100 ಕಿಲೋಮೀಟರ್. ಆಗ ಒಳಗಿರುವ ಪ್ರತಿ ವಸ್ತುವೂ ತನ್ನ ತೂಕದ ಸುಮಾರು 50 ಪಟ್ಟು ಹೊರಕ್ಕೆ ಜಗ್ಗುತ್ತದೆ. 5 ಗ್ರಾಂ ಪೆಟ್ಟಿಗೆ ಕಾಲು ಕೆಜಿ ಆಗುತ್ತದೆ. ಇಡೀ ಗ್ಲೈಡರ್ ನಿಮ್ಮ ಬೆರಳ ತುದಿಯನ್ನು 13 ಕೆಜಿ ಬಲದಿಂದ ಎಳೆಯುತ್ತದೆ. ಪೆಗ್ಗಿನ ಕೆಳಗೆ ಬೆರಳು ಕೆಂಪಗಾಗುವುದು ಸುಮ್ನೆ ಅಲ್ಲ. ನನ್ನ ಪೆಟ್ಟಿಗೆ ಟೇಪು ಕಿತ್ತುಕೊಂಡು ಪಕ್ಕದ ಗೋಡೆಗೆ ಹೊಡೆಯಿತು, ವೈರ್ ಕಳಚಿತು. ಈಗ ಕೆಳಗೆ ವೆಲ್ಕ್ರೋ ಇದೆ, ಪಕ್ಕಕ್ಕೆ ಫೋಮ್ ತುಂಡು ಬಿಗಿಯಾಗಿ ತುರುಕಿದ್ದೇನೆ. ಅಲ್ಲಾಡುವುದಿಲ್ಲ. ಮೂಗಿನಲ್ಲಿದ್ದ ಸೀಸದಿಂದ ಅಷ್ಟೇ ತೂಕ ತೆಗೆದು ಬ್ಯಾಲೆನ್ಸ್ ಪಾಯಿಂಟ್ ಮತ್ತೆ ನೋಡಿಕೊಂಡೆ.

ಆ ಫೋಮ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಒತ್ತಡದ ಸೆನ್ಸರ್‌ಗಳಲ್ಲಿ ಕೆಲವಕ್ಕೆ ಬೆಳಕು ಬಿದ್ದರೆ ಆಗುವುದಿಲ್ಲ. ಮೂಗಿನ ಕಿಂಡಿಯಿಂದ ಬಿಸಿಲು ಬಿದ್ದಾಗಲೆಲ್ಲ ಗ್ರಾಫ್ ನೆಗೆಯುತ್ತಿತ್ತು. ಸೆನ್ಸರ್ ತೂತಿನ ಮೇಲೆ ಗಾಳಿಯಾಡುವ ಕಪ್ಪು ಫೋಮ್ ಇಟ್ಟ ಮೇಲೆ ನಿಂತಿತು.

ಇನ್ನು ಮಾತಿಗೆ ಬರೋಣ. ಎಸೆದ ಸ್ವಲ್ಪ ಹೊತ್ತಿಗೆ ಟ್ರಾನ್ಸ್‌ಮಿಟರ್ "ಮೂವತ್ತೊಂದು" ಅನ್ನುತ್ತದೆ. ಖುಷಿಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಮುಂದಿನ ಎಸೆತದಲ್ಲಿ ಮೂವತ್ತೆರಡು ಬೇಕು ಅನ್ನಿಸುತ್ತದೆ. ಹಲ್ಲು ಕಚ್ಚಿ ಎಸೆದರೆ ಇಪ್ಪತ್ತೊಂಬತ್ತು. ಇನ್ನೂ ಜೋರಾಗಿ ಎಸೆದರೆ ಇಪ್ಪತ್ತೇಳು, ಜೊತೆಗೆ ಹೆಗಲು ನೋವು. ಆ ಸಂಖ್ಯೆ ಎಷ್ಟು ಅಂತ ಹೇಳುತ್ತದೆಯೇ ಹೊರತು ಯಾಕೆ ಅಂತ ಹೇಳುವುದಿಲ್ಲ.

ಯಾಕೆ ಅನ್ನುವುದು ಗ್ರಾಫಿನಲ್ಲಿದೆ. ಇಳಿಸಿದ ಮೇಲೆ ಫೋನಿಗೆ ತೆಗೆದುಕೊಂಡು ಮೊದಲ ಐದು ಸೆಕೆಂಡನ್ನು ಅಗಲ ಮಾಡಿ ನೋಡಿ. ಬಿಟ್ಟ ಕ್ಷಣದಲ್ಲಿ ಗೆರೆ ನೆಲಕ್ಕಿಂತ ಎರಡು ಮೂರು ಮೀಟರ್ ಕೆಳಗೆ ಹೋದಂತೆ ಕಾಣುತ್ತದೆ. ಹೆದರಬೇಡಿ. ಆ ವೇಗದಲ್ಲಿ ಎದುರುಗಾಳಿಯ ಒತ್ತಡವೇ ಸುಮಾರು 4.7 ಹೆಕ್ಟೋಪ್ಯಾಸ್ಕಲ್ (ಗಾಳಿಯ ಒತ್ತಡದ ಅಳತೆ). ಸಮುದ್ರಮಟ್ಟದ ಹತ್ತಿರ 1 ಹೆಕ್ಟೋಪ್ಯಾಸ್ಕಲ್ ಅಂದರೆ 8 ಮೀಟರಿಗೂ ಸ್ವಲ್ಪ ಜಾಸ್ತಿ. ಆ ಒತ್ತಡದಲ್ಲಿ ಹತ್ತನೇ ಒಂದು ಪಾಲು ಮೂಗಿನ ಕಿಂಡಿಯಿಂದ ಒಳಗೆ ನುಗ್ಗಿದರೂ ಸಾಕು, 4 ಮೀಟರ್ ತಪ್ಪು. ಮೇಲೆ ಹೋದಂತೆ ವೇಗ ತಗ್ಗುತ್ತದೆ, ತಪ್ಪೂ ಕರಗುತ್ತದೆ. ಹಾಗಾಗಿ ನೆತ್ತಿಯ ಎತ್ತರವನ್ನು ನಂಬಬಹುದು, ಬಿಟ್ಟ ಕ್ಷಣದ್ದನ್ನು ನಂಬಬಾರದು.

ಅಲ್ಲಿಂದ ಗೆರೆ ಕಡಿದಾಗಿ ಏರಬೇಕು, ಮೂರು ಸೆಕೆಂಡಿನ ಆಸುಪಾಸಿನಲ್ಲಿ ನೆತ್ತಿ ಮುಟ್ಟಬೇಕು, ಆಮೇಲೆ ದುಂಡಗೆ ಬಾಗಿ ನಿಧಾನ ಇಳಿಯಬೇಕು. ನನ್ನ ಗೆರೆ ನೆತ್ತಿಯಲ್ಲಿ ಸೂಜಿಯ ಮೊನೆಯಂತಿತ್ತು. ಏರಿ, ನಿಂತು, ದಬಕ್ಕನೆ ನಾಲ್ಕು ಮೀಟರ್ ಕೆಳಗೆ. ವೇಗ ಪೂರ್ತಿ ಸತ್ತ ಮೇಲೆ ಮೂಗು ಬಾಗಿಸಿದರೆ ಹೀಗೇ ಆಗುವುದು. ಗ್ಲೈಡರ್ ಸ್ಟಾಲ್ ಆಗಿ, ಅಂದರೆ ರೆಕ್ಕೆಗೆ ಎತ್ತಿ ಹಿಡಿಯುವ ಬಲ ಸಾಲದೆ, ಬೀಳುತ್ತದೆ, ಮತ್ತೆ ವೇಗ ಹಿಡಿಯಲು ಎತ್ತರವನ್ನೇ ತಿನ್ನುತ್ತದೆ. ಇನ್ನೂ ಸ್ವಲ್ಪ ಉಸಿರಿದೆ ಅನ್ನುವಾಗಲೇ ಎಲಿವೇಟರನ್ನು (ಮೂಗು ಏರಿಸಿ ಇಳಿಸುವ ಬಾಲದ ಪಟ್ಟಿ) ಟ್ರಾನ್ಸ್‌ಮಿಟರಿನ ಕಡ್ಡಿಯಿಂದ ಮುಂದಕ್ಕೆ ಒತ್ತಬೇಕು. ನೆತ್ತಿಯ ಸಂಖ್ಯೆ ಒಂದು ಮೀಟರ್ ಕಡಿಮೆ ಬರುತ್ತದೆ, ಕೈಗೆ ಉಳಿಯುವ ಎತ್ತರ ಮೂರು ಮೀಟರ್ ಜಾಸ್ತಿ. ಮಾತಾಡುವ ಸಂಖ್ಯೆಯನ್ನು ನಂಬಿಕೊಂಡರೆ ಇದು ಯಾವತ್ತೂ ಗೊತ್ತಾಗುವುದಿಲ್ಲ. ಅದರ ಲೆಕ್ಕದಲ್ಲಿ ಸೂಜಿ ಮೊನೆಯೇ ಗೆದ್ದಿರುತ್ತದೆ.

ಎಸೆತದ ಗುಟ್ಟನ್ನು ಬಿಡಿಸಿದ್ದು ನನ್ನ ಅಣ್ಣನ ಮಗಳು. ಮನೆಯಲ್ಲಿ ಎಡಗೈಯವರು ನಾವಿಬ್ಬರೇ, ಹಾಗಾಗಿ ಅದೇ ಗ್ಲೈಡರನ್ನು ಅವಳೂ ಎಸೆಯಬಹುದು. ನನ್ನ ಅರ್ಧ ಬಲವೂ ಇಲ್ಲದ ಹುಡುಗಿ. ಸಲೀಸಾಗಿ 34 ಮೀಟರ್ ಏರಿಸಿದಳು. ನನ್ನ ಎಸೆತ ನೋಡಿ, "ಚಿಕ್ಕಪ್ಪ, ನೀವು ಎಸೀತಿಲ್ಲ, ಅದರ ಜೊತೆ ಜಗಳ ಆಡ್ತಿದ್ದೀರ" ಅಂದಳು.

ಇಬ್ಬರ ಎಸೆತವನ್ನೂ ವಿಡಿಯೋ ಮಾಡಿ ಗ್ರಾಫಿನ ಪಕ್ಕ ಇಟ್ಟುಕೊಂಡರೆ ವ್ಯತ್ಯಾಸ ಕಾಣುತ್ತದೆ. ನಾನು ಮೊದಲ ಹೆಜ್ಜೆಯಿಂದಲೇ ಜೋರು. ಕೊನೆಗೆ ಏರಿಸಲು ವೇಗವೇ ಉಳಿದಿರುವುದಿಲ್ಲ. ಅವಳು ನಿಧಾನ ಶುರು ಮಾಡುತ್ತಾಳೆ. ಸೊಂಟ ಮುಂದೆ ತಿರುಗುತ್ತದೆ, ಕೈ ಹಿಂದೆಯೇ ಸಡಿಲವಾಗಿ, ನೇರವಾಗಿ ಬರುತ್ತದೆ. ಕೊನೆಯ ಅರ್ಧ ಸುತ್ತಿನಲ್ಲಿ ಎಲ್ಲ ವೇಗವೂ ಒಟ್ಟಿಗೆ ಬರುತ್ತದೆ, ಆಗ ಕೈ ಮೇಲ್ಮುಖವಾಗಿ ಬೀಸಿರುತ್ತದೆ. ಬೆರಳನ್ನು ಬಿಡಿಸುವುದೇ ಇಲ್ಲ, ಪೆಗ್ ತಾನಾಗಿ ಜಾರಿ ಹೋಗುತ್ತದೆ. ಬಿಟ್ಟ ಮೇಲೂ ಮೈ ತಿರುಗುತ್ತಲೇ ಇರುತ್ತದೆ. ನನ್ನ ಮೊಣಕೈ ಮಾತ್ರ ಪ್ರತಿ ಸಲ ಮಡಚುತ್ತದೆ. ಇದು ಸಣ್ಣ ವಿಷಯ ಅಲ್ಲ. ಒಂದೂವರೆ ಮೀಟರ್ ತ್ರಿಜ್ಯದಲ್ಲಿ 10 ಸೆಂಟಿಮೀಟರ್ ಕಡಿಮೆಯಾದರೆ ವೇಗ ಸುಮಾರು 7 ಶೇಕಡಾ ಇಳಿಯುತ್ತದೆ. ಎತ್ತರ ವೇಗದ ವರ್ಗದ ಲೆಕ್ಕದಲ್ಲಿ ಬರುವುದರಿಂದ ಅದು 13 ಶೇಕಡಾ ಇಳಿಯುತ್ತದೆ. ಮೂವತ್ತು ಮೀಟರಿನಲ್ಲಿ ನಾಲ್ಕು ಮೀಟರ್, ಬರೀ ಮೊಣಕೈಯಿಂದ!

ಎಲಿವೇಟರ್ ಪ್ರೀಸೆಟ್ ಹೊಂದಿಸಲೂ ಗ್ರಾಫ್ ಚೆನ್ನಾಗಿ ಒದಗುತ್ತದೆ. ಬಿಡುವಾಗ ಎಲಿವೇಟರ್ ಒಂದೆರಡು ಮಿಲಿಮೀಟರ್ ಮೇಲಕ್ಕೆ ಇರಬೇಕು, ಗ್ಲೈಡರ್ ತಾನೇ ತಲೆ ಎತ್ತಿ ಏರಲಿ ಅಂತ. ಜಾಸ್ತಿ ಕೊಟ್ಟರೆ ಹಿಂದಕ್ಕೆ ಮಗುಚಲು ನೋಡುತ್ತದೆ, ವೇಗ ಅಲ್ಲೇ ಖಾಲಿ. ಕಡಿಮೆ ಕೊಟ್ಟರೆ ಅಡ್ಡಡ್ಡ ಓಡಿ ಆಮೇಲೆ ಏರುತ್ತದೆ. ಎರಡರಲ್ಲೂ ಗೆರೆಯ ಇಳಿಜಾರು ಬೇರೆ ಬೇರೆ ಕಾಣುತ್ತದೆ. ಒಂದೊಂದೇ ಹೆಜ್ಜೆ ಬದಲಿಸಿ ನೋಡಿಕೊಂಡರಾಯಿತು.

ನನಗೆ ಈ ಪೆಟ್ಟಿಗೆಯಿಂದ ಸಿಕ್ಕ ದೊಡ್ಡ ಲಾಭ ಎಸೆತದ್ದಲ್ಲ, ಇಳಿತದ್ದು. ಬೆಳಗಿನ ಜಾವ ಎಲೆಯೂ ಅಲ್ಲಾಡದ ಹೊತ್ತಿಗೆ ಹಾರಿಸಿ, ಗ್ರಾಫಿನಲ್ಲಿ 25 ಮೀಟರಿನಿಂದ 10 ಮೀಟರಿಗೆ ಎಷ್ಟು ಸೆಕೆಂಡ್ ಹಿಡಿಯಿತು ಅಂತ ನೋಡಿದೆ. ಸೆಕೆಂಡಿಗೆ 0.55 ಮೀಟರ್ ಇಳಿಯುತ್ತಿತ್ತು. ಗಾಳಿ ಹಿಡಿಯಲಿ ಅಂತ ರೆಕ್ಕೆಯ ಹಿಂದಿನ ಅಂಚನ್ನು ಐದು ಮಿಲಿಮೀಟರ್ ಬಗ್ಗಿಸಿ ಇಟ್ಟಿದ್ದೆ. ಎರಡಕ್ಕೆ ತಂದು, ಬ್ಯಾಲೆನ್ಸ್ ಪಾಯಿಂಟನ್ನು ಕೂದಲೆಳೆಯಷ್ಟು ಹಿಂದೆ ಸರಿಸಿದ ಮೇಲೆ 0.45ಕ್ಕೆ ಬಂತು. ಇದರ ಬೆಲೆ ಏನು ಗೊತ್ತಾ? 35 ಮೀಟರಿನಿಂದ ಇಳಿಯಲು ಮೊದಲು 64 ಸೆಕೆಂಡ್, ಈಗ 78. ಹಳೆಯ ಹೊಂದಾಣಿಕೆಯಲ್ಲಿ ಅಷ್ಟೇ ಹೊತ್ತು ಹಾರಬೇಕಿದ್ದರೆ 43 ಮೀಟರ್ ಎಸೆಯಬೇಕಿತ್ತು. ಎಂಟು ಮೀಟರ್ ಹೆಚ್ಚಿಗೆ ಎಸೆಯುವ ಹೆಗಲು ನನ್ನ ಹತ್ತಿರ ಇಲ್ಲ. ಸ್ಕ್ರೂಡ್ರೈವರ್ ಇತ್ತು.

ಥರ್ಮಲ್, ಅಂದರೆ ಮೇಲೇಳುವ ಬಿಸಿ ಗಾಳಿ, ಹುಡುಕಲು ಇದರಲ್ಲಿ ವೇರಿಯೋ ಬೀಪ್ ಕೂಡ ಇದೆ. ಮೇಲೆ ಹೋಗುತ್ತಿದ್ದರೆ ಸ್ವರ ಏರುತ್ತದೆ. ನನಗೆ ಹಿಡಿಸಲಿಲ್ಲ. ಬೀಪ್ ಕೇಳುವಷ್ಟರಲ್ಲಿ ಒಂದು ಸೆಕೆಂಡ್ ಕಳೆದಿರುತ್ತದೆ, ಗ್ಲೈಡರ್ ಏಳೆಂಟು ಮೀಟರ್ ಮುಂದೆ ಹೋಗಿರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಸುಳ್ಳು ಬೀಪ್. ವೇಗವಾಗಿ ಹಾರುತ್ತಿದ್ದ ಗ್ಲೈಡರನ್ನು ಸ್ವಲ್ಪ ಎಳೆದರೆ ಸಾಕು, ಸೆಕೆಂಡಿಗೆ 10 ಮೀಟರ್ ಇದ್ದ ವೇಗ 7ಕ್ಕೆ ಇಳಿಯುವಾಗ ಎರಡೂವರೆ ಮೀಟರ್ ಏರಿಬಿಡುತ್ತದೆ. ಥರ್ಮಲ್ ಸಿಕ್ಕಿತು ಅಂತ ಪೆಟ್ಟಿಗೆ ಕುಣಿಯುತ್ತದೆ. ಅದು ನಿಮ್ಮದೇ ವೇಗ, ಎತ್ತರವಾಗಿ ವಾಪಸ್ ಬಂದದ್ದು ಅಷ್ಟೇ. ದೂರದಲ್ಲಿ ರೆಕ್ಕೆ ಬಡಿಯದೆ ಸುತ್ತುವ ಹದ್ದು, ಕತ್ತಿನ ಹಿಂದೆ ಗಾಳಿ ದಿಕ್ಕು ಬದಲಿಸಿದ್ದು, ಇವನ್ನು ಗಮನಿಸುವುದು ಮೇಲು. ಬಾಲ ತಾನಾಗಿ ಮೇಲೇಳುವುದನ್ನು ನೋಡಲು ಕಣ್ಣು ಗ್ಲೈಡರ್ ಮೇಲೇ ಇರಬೇಕು. ಬೀಪ್ ಬಂದರೆ ಕಣ್ಣು ಸೋಮಾರಿಯಾಗುತ್ತದೆ. ಹೇಗೂ ಎಫ್‌3ಕೆ ಸ್ಪರ್ಧೆಯಲ್ಲಿ ಹಾರಾಟದ ನಡುವೆ ಎತ್ತರ ಕೇಳಿಸಿಕೊಳ್ಳುವಂತಿಲ್ಲ.

ಈಗ ಬೈಗುಳ. ಈ ಪೆಟ್ಟಿಗೆ ಸೊನ್ನೆ ಹಿಡಿಯುವುದು ಬ್ಯಾಟರಿ ಹಾಕಿದಾಗ ಮಾತ್ರ. ಗಾಳಿಯ ಒತ್ತಡ ದಿನವಿಡೀ ಒಂದೇ ಇರುವುದಿಲ್ಲ. ಉಷ್ಣವಲಯದಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ಜಾಸ್ತಿ, ಸಂಜೆ ನಾಲ್ಕರ ಸುಮಾರಿಗೆ ಕಡಿಮೆ, ನಡುವೆ ಮೂರು ನಾಲ್ಕು ಹೆಕ್ಟೋಪ್ಯಾಸ್ಕಲ್ ಇಳಿಯುವುದು ಮಾಮೂಲಿ. ಲೆಕ್ಕ ಹಾಕಿದರೆ ಗಂಟೆಗೆ ನಾಲ್ಕೈದು ಮೀಟರ್. ಹುಲ್ಲಿನ ಮೇಲೆ ಬಿದ್ದಿರುವ ಗ್ಲೈಡರ್ ತಾನು ಹಾರುತ್ತಿದ್ದೇನೆ ಅನ್ನುತ್ತದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಒಳ್ಳೆ ಎಸೆತಗಾರರೇ. ಟ್ರಾನ್ಸ್‌ಮಿಟರಿನ ಒಂದು ಸ್ವಿಚ್ಚಿಗೆ ಸೊನ್ನೆ ಮಾಡುವ ಕೆಲಸ ಕೊಟ್ಟಿದ್ದರೆ ಮುಗಿಯುತ್ತಿತ್ತು. ಅದು ಬಿಟ್ಟು ಮಾತಾಡುವ ಹೆಣ್ಣು ದನಿ, ಗಂಡು ದನಿ ಅಂತ ಆಯ್ಕೆ ಕೊಟ್ಟಿದ್ದಾರೆ. ಮೆಮೊರಿ ತುಂಬಿದರೆ ಹಳೆಯದನ್ನು ಕೇಳದೆ ಅಳಿಸಿ ಹಾಕುತ್ತದೆ. ಒಳ್ಳೆಯ ಹಾರಾಟಗಳನ್ನು ಅಂದೇ ಫೋನಿಗೆ ತೆಗೆದಿಟ್ಟುಕೊಳ್ಳಿ.

ಐದರಲ್ಲಿ ನಾಲ್ಕು ಕೊಡುತ್ತೇನೆ, ಪೂರ್ತಿ ಗ್ರಾಫಿಗೆ. ಮಾತಿಗೂ ಬೀಪಿಗೂ ಏನೂ ಇಲ್ಲ, ಅವೆರಡನ್ನೂ ನಾನು ಆಫ್ ಮಾಡಿದ್ದೇನೆ. ಈಗಷ್ಟೇ ಎಸೆಯಲು ಕಲಿಯುತ್ತಿರುವವರು ಸ್ವಲ್ಪ ತಡೆಯಿರಿ. ಗ್ಲೈಡರ್ ಪ್ರತಿ ಸಲ ಒಂದೇ ದಿಕ್ಕಿಗೆ, ಬಾಲ ಆಡಿಸದೆ ಹೋಗುವವರೆಗೆ ಗ್ರಾಫ್ ಓದಲು ಏನೂ ಇರುವುದಿಲ್ಲ. ಬೂಮ್ (ಬಾಲ ಹಿಡಿದಿರುವ ಕೋಲು) ಬಳುಕುವ, ಫಿನ್ (ಬಾಲದ ನೆಟ್ಟಗಿನ ಹಲಗೆ) ಸಣ್ಣದಿರುವ ಗ್ಲೈಡರಿಗೂ ಮೊದಲು ಅದರ ರಿಪೇರಿ ಆಗಬೇಕು. ಕೊಳ್ಳುವವರು ಜೊತೆಗೆ ಸ್ವಲ್ಪ ಉದ್ದದ ವೈರ್ ಕೂಡ ತರಿಸಿಕೊಳ್ಳಿ. ಅವರು ಕೊಡುವುದು ರಿಸೀವರಿಗೆ ಎಟಕುತ್ತದೆ ನಿಜ, ಆದರೆ ಪೆಟ್ಟಿಗೆಯನ್ನು ಕಿಂಡಿಯಿಂದ ದೂರ ಕೂರಿಸಲು ಬಿಡುವುದಿಲ್ಲ.