ವಿಂಡೋಸ್ ಲ್ಯಾಪ್‌ಟಾಪ್, ಉಬುಂಟು ಡೆಸ್ಕ್‌ಟಾಪ್, ನಡುವೆ ಒಂದು ಲ್ಯಾನ್ ಕೇಬಲ್: ದೀರ್ಘ ಬಳಕೆಯ ಅನುಭವ

ಕಲಬುರಗಿ ಜಿಲ್ಲೆಯ ಹಳ್ಳಿಗಳ ಭಜನೆಗಳಲ್ಲಿ ಹಿರಿಯರು ಹಾಡುವ ತತ್ವಪದಗಳನ್ನು ವಿಡಿಯೊ ಮಾಡಿ ಕಾಪಿಡುವುದು ನನ್ನ ಹವ್ಯಾಸ. ಹಾಡಿಕೆ ಬೆಳಗಿನ ಜಾವದವರೆಗೂ ನಡೆಯುವುದರಿಂದ 64 ಜಿಬಿ ಕಾರ್ಡು ಹೆಚ್ಚುಕಡಿಮೆ ತುಂಬಿಯೇ ಮನೆಗೆ ಬರುತ್ತದೆ. ಅದನ್ನು ಮೊದಲು ವಿಂಡೋಸ್ ಲ್ಯಾಪ್‌ಟಾಪಿಗೆ, ಅಲ್ಲಿಂದ ಸಂಗ್ರಹಕ್ಕೆಂದೇ ಇಟ್ಟಿರುವ, ಉಬುಂಟು ಎಂಬ ಲಿನಕ್ಸ್ ಕಾರ್ಯವ್ಯವಸ್ಥೆಯ ಡೆಸ್ಕ್‌ಟಾಪಿಗೆ ಸಾಗಿಸುತ್ತೇನೆ. ಈ ಎರಡರ ನಡುವೆ ರೂಟರ್ ಇಲ್ಲ, ಸ್ವಿಚ್ ಇಲ್ಲ. ಇರುವುದು ಇನ್ನೂರು ರೂಪಾಯಿಯ ಆಸುಪಾಸಿನ ಒಂದು ಕ್ಯಾಟ್ 6 ಕೇಬಲ್ ಮಾತ್ರ.

ಹಿಂದೆ ಹೀಗೆ ನೇರವಾಗಿ ಜೋಡಿಸಲು ತಂತಿಗಳನ್ನು ಅದಲುಬದಲು ಜೋಡಿಸಿದ ಕ್ರಾಸ್‌ಓವರ್ ಕೇಬಲ್ ಬೇಕಾಗುತ್ತಿತ್ತು. ಗಿಗಾಬಿಟ್ (ಸೆಕೆಂಡಿಗೆ 1,000 ಮೆಗಾಬಿಟ್) ವೇಗದ ಪೋರ್ಟುಗಳು ಕಳುಹಿಸುವ ಮತ್ತು ಸ್ವೀಕರಿಸುವ ತಂತಿಗಳನ್ನು ತಾವೇ ಹೊಂದಿಸಿಕೊಳ್ಳುವುದರಿಂದ ಈಗ ಸಾಮಾನ್ಯ ಕೇಬಲ್ಲೇ ಸಾಕು. ಒಂದು ಯಂತ್ರಕ್ಕೆ 10.10.10.1, ಇನ್ನೊಂದಕ್ಕೆ 10.10.10.2 ಎಂದು ಐಪಿ ವಿಳಾಸ ಕೊಟ್ಟು, ಸಬ್‌ನೆಟ್ ಮಾಸ್ಕ್ 255.255.255.0 ಎಂದು ನಮೂದಿಸಿ, ಗೇಟ್‌ವೇಯನ್ನು (ಹೊರಗಿನ ಜಾಲಕ್ಕೆ ದಾರಿಯಾಗುವ ಯಂತ್ರದ ವಿಳಾಸ) ಖಾಲಿ ಬಿಡಬೇಕು. ಮನೆಯ ವೈಫೈ ರೂಟರುಗಳು ಹೆಚ್ಚಾಗಿ 192.168ರಿಂದ ಆರಂಭವಾಗುವ ವಿಳಾಸಗಳನ್ನು ಬಳಸುವುದರಿಂದ ಈ ಸರಣಿ ಅವುಗಳೊಂದಿಗೆ ತಾಕುವುದಿಲ್ಲ. ಗೇಟ್‌ವೇ ಇಲ್ಲದ ಜಾಲವನ್ನು ವಿಂಡೋಸ್ ಸಾರ್ವಜನಿಕ ಜಾಲವೆಂದು ಪರಿಗಣಿಸಿ ಒಳಬರುವ ಸಂಪರ್ಕಗಳನ್ನು ತಡೆಯುತ್ತದೆ. ಆದ್ದರಿಂದ ಫೋಲ್ಡರನ್ನು ಉಬುಂಟುವಿನಲ್ಲಿ ಸಾಂಬಾ ಎಂಬ ಫೈಲ್ ಹಂಚಿಕೆ ತಂತ್ರಾಂಶದ ಮೂಲಕ ಹಂಚಿ, ವಿಂಡೋಸಿನಿಂದ ಅದನ್ನು ತೆರೆಯುವುದೇ ಸುಲಭದ ದಾರಿ.

ಸಂಜೆ ಪೋರ್ಟಿನ ಧೂಳನ್ನು ಬಟ್ಟೆಯಿಂದ ಒರೆಸಿ, ಜ್ಯಾಕನ್ನು ಒಳಗೆ ತಳ್ಳಿ, ಲಾಕ್ ಟಕ್ಕೆಂದು ಕೂರುವುದನ್ನು ಕೇಳಿಸಿಕೊಂಡು, ಪೋರ್ಟಿನ ದೀಪಗಳು ಹೊತ್ತಿಕೊಂಡವೆಂದು ಖಚಿತಪಡಿಸಿಕೊಂಡ ಮೇಲೆಯೇ ನಾನು ಚಹಾಕ್ಕೆ ಏಳುವುದು. ವಿಂಡೋಸಿನಲ್ಲಿಯೇ ಇರುವ ರೋಬೊಕಾಪಿ ಎಂಬ ನಕಲು ಆದೇಶ ಮುಂದಿನ ಕೆಲಸವನ್ನು ನೋಡಿಕೊಳ್ಳುತ್ತದೆ. ಸೆಕೆಂಡಿಗೆ 110 ಎಂಬಿಯ ಆಸುಪಾಸಿನಲ್ಲಿ ಒಂದೇ ಸಮನೆ ಸಾಗುವ ಆ ವರ್ಗಾವಣೆಯನ್ನು ನೋಡುವುದೇ ನನಗೊಂದು ಸಂತೋಷ: ತುಂಬಿದ ಕಾರ್ಡಿನಷ್ಟು ವಿಡಿಯೊ ಸುಮಾರು ಹತ್ತು ನಿಮಿಷಗಳಲ್ಲಿ ಡೆಸ್ಕ್‌ಟಾಪ್ ಸೇರುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಡೆಸ್ಕ್‌ಟಾಪ್ ನಿಂತುಹೋದರೂ ಅದೇ ಆದೇಶವನ್ನು ಮತ್ತೆ ಕೊಟ್ಟರೆ, ಆಗಲೇ ತಲುಪಿದ ಫೈಲುಗಳನ್ನು ಬಿಟ್ಟು ಉಳಿದವನ್ನಷ್ಟೇ ಕಳುಹಿಸುತ್ತದೆ. ಇಂಟರ್‌ನೆಟ್ ಇಲ್ಲದ ದಿನವೂ ಈ ಕೆಲಸ ನಿಲ್ಲುವುದಿಲ್ಲ.

ಇಷ್ಟು ಮೆಚ್ಚುವ ನನಗೆ ಈ ವ್ಯವಸ್ಥೆಯ ಒಂದು ದೋಷದ ಬಗ್ಗೆ ಮಾತ್ರ ಸಿಟ್ಟು ಹಾಗೆಯೇ ಉಳಿದಿದೆ: ಕೇಬಲ್ ಕೆಟ್ಟರೆ ಅದು ಬಾಯಿಬಿಟ್ಟು ಹೇಳುವುದಿಲ್ಲ. ಗಿಗಾಬಿಟ್ ವೇಗಕ್ಕೆ ಎಂಟೂ ತಂತಿಗಳು ಬೇಕು. ಅದರ ಹತ್ತನೇ ಒಂದು ಭಾಗವಾದ 100 ಮೆಗಾಬಿಟ್‌ಗೆ ನಾಲ್ಕು ಸಾಕು. ಉಳಿದ ನಾಲ್ಕರಲ್ಲಿ ಒಂದು ತಂತಿ ಒಳಗೆ ಮುರಿದಾಗ ಅನೇಕ ನೆಟ್‌ವರ್ಕ್ ಕಾರ್ಡುಗಳು ಸಂಪರ್ಕವನ್ನು ಕಡಿಯದೆ ಸದ್ದಿಲ್ಲದೆ ಕೆಳಗಿನ ವೇಗಕ್ಕೆ ಇಳಿಯುತ್ತವೆ. ದೀಪ ಹೊತ್ತಿರುತ್ತದೆ, ಫೋಲ್ಡರ್ ತೆರೆಯುತ್ತದೆ, ಆದರೆ ಹತ್ತು ನಿಮಿಷದ ಕೆಲಸ ಒಂದೂವರೆ ಗಂಟೆ ಎಳೆಯುತ್ತದೆ. ಸ್ಥಳೀಯ ಅಂಗಡಿಯೊಂದರಲ್ಲಿ ತುದಿಗೆ ಜ್ಯಾಕ್ ಕೂರಿಸಿ ಕ್ರಿಂಪ್ ಮಾಡಿಸಿದ ನನ್ನ ಮೊದಲ ಕೇಬಲ್ ಹೀಗೆಯೇ ಕೈಕೊಟ್ಟಿತು. ಅದರೊಳಗೆ ಇದ್ದದ್ದು ಶುದ್ಧ ತಾಮ್ರವಲ್ಲ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಪದೇಪದೇ ಬಗ್ಗುವ ಕಡೆ ಆ ತಂತಿ ಬೇಗ ಮುರಿಯುತ್ತದೆ. ಬೆಲೆಯಲ್ಲಿ ಉಳಿದ ಹಣಕ್ಕಿಂತ ಹೋದ ಸಂಜೆಗಳೇ ಹೆಚ್ಚಾದವು. ಹೊರಕವಚದ ಮೇಲೆ ಕ್ಯಾಟ್ 6 ಎಂದು ಅಚ್ಚಾಗಿದ್ದರೂ ತಂತಿ ಯಾವುದರದೆಂದು ಕೇಳಿಯೇ ಕೊಳ್ಳಬೇಕು. ಸದಾ ಹಾಕಿ ತೆಗೆಯುವವರು ಲಾಕಿನ ಮೇಲೆ ರಬ್ಬರ್ ಕವಚವಿರುವ ರೆಡಿಮೇಡ್ ಕೇಬಲ್ಲನ್ನೇ ತೆಗೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಮೊದಲು ಮುರಿಯುವುದು ಆ ಪುಟ್ಟ ಪ್ಲಾಸ್ಟಿಕ್ ನಾಲಿಗೆಯೇ. ಈಗ ನಾನು ನಕಲು ಆರಂಭಿಸುವ ಮೊದಲು ಅಡಾಪ್ಟರಿನ ಸ್ಟೇಟಸ್ ತೆರೆದು, ವೇಗ 1.0 ಜಿಬಿಪಿಎಸ್ (ಗಿಗಾಬಿಟ್) ಎಂದಿದೆಯೇ ಎಂದು ನೋಡುತ್ತೇನೆ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಇನ್ನೊಂದು ವಿಷಯವನ್ನು ಹೇಳಲೇಬೇಕು. ತತ್ವಪದದ ಮೊದಲ ಸಾಲು, ಹಾಡಿದವರ ಹೆಸರು ಮತ್ತು ಊರು ಸೇರಿಸಿ ಉದ್ದವಾಗಿ ಹೆಸರಿಟ್ಟ ಕೆಲವು ಫೈಲುಗಳು ವಿಂಡೋಸಿನಲ್ಲಿ ಸರಿಯಾಗಿದ್ದರೂ ಉಬುಂಟುವಿಗೆ ಹೋಗುವಾಗ ತಡೆದು ನಿಲ್ಲುತ್ತಿದ್ದವು. ಇದರಲ್ಲಿ ಕೇಬಲ್ಲಿನ ತಪ್ಪೇನೂ ಇಲ್ಲ. ಉಬುಂಟುವಿನ ಇಎಕ್ಸ್‌ಟಿ4 ಎಂಬ ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟುಗಳ ಮಿತಿಯಿದೆ. ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ ಅಲ್ಲಿ ಮೂರು ಬೈಟು ಬೇಕಾಗುವುದರಿಂದ 85 ಸಂಕೇತಗಳಿಗೇ ಜಾಗ ಮುಗಿಯುತ್ತದೆ. ಒತ್ತಕ್ಷರ, ಸ್ವರಚಿಹ್ನೆಗಳೂ ಪ್ರತ್ಯೇಕ ಸಂಕೇತಗಳಾಗಿರುವುದರಿಂದ ಬರೆಯಲು ಸಿಗುವ ಅಕ್ಷರಗಳು ಅದಕ್ಕಿಂತಲೂ ಕಡಿಮೆ. ಹಾಗಾಗಿ ಹೆಸರಿನಲ್ಲಿ ತತ್ವಪದದ ಮೊದಲ ಎರಡು ಮೂರು ಶಬ್ದಗಳನ್ನು ಮತ್ತು ದಿನಾಂಕವನ್ನು ಮಾತ್ರ ಉಳಿಸಿ, ಪೂರ್ಣ ಸಾಲು, ಹಾಡುಗಾರರು ಮತ್ತು ಊರಿನ ವಿವರಗಳನ್ನು ಅದೇ ಫೋಲ್ಡರಿನ ಒಂದು ಪಟ್ಟಿಯಲ್ಲಿ ಬರೆದಿಡುತ್ತಿದ್ದೇನೆ.