ಜಿಂಪ್‌ನೊಂದಿಗೆ ಏಳು ವರ್ಷ: ಫೋಟೊದಿಂದ ಚಿತ್ರಕಲೆಯ ಕಡೆಗೆ

2018ರಲ್ಲಿ 2.10ನೆಯ ಆವೃತ್ತಿ ಬಂದ ಹೊಸದರಲ್ಲಿ ಚಿತ್ರಗಳನ್ನು ತಿದ್ದುವ ಜಿಂಪ್ ತಂತ್ರಾಂಶವನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಂಡೆ. ನಾನೇ ತೆಗೆದ ಫೋಟೊಗಳಿಗೆ ಜಲವರ್ಣದ ಅಥವಾ ಪೆನ್ಸಿಲ್ ರೇಖೆಯ ರೂಪ ಕೊಡಬೇಕೆಂಬುದೊಂದೇ ಆಗಿನ ಆಸೆಯಾಗಿತ್ತು. ಈಗಲೂ ಅದಕ್ಕಾಗಿಯೇ ಬಳಸುತ್ತಿದ್ದೇನೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಆರಂಭಿಸಿದ ಈ ತಂತ್ರಾಂಶ ಮುಕ್ತ ಪರವಾನಗಿಯಡಿ ಉಚಿತವಾಗಿ ಸಿಗುತ್ತದೆ.

ಮೊದಲ ವರ್ಷವೆಲ್ಲ ಸಿದ್ಧ ಫಿಲ್ಟರ್‌ಗಳಲ್ಲೇ ಕಳೆಯಿತು. ‘ಆಯಿಲಿಫೈ’ ಒತ್ತಿದರೆ ತೈಲವರ್ಣದ ಛಾಯೆ ಬರುತ್ತದೆ ನಿಜ, ಆದರೆ ಅಜ್ಜಿಯ ಮುಖಕ್ಕೂ ಬೆಟ್ಟದ ಬಂಡೆಗೂ ಒಂದೇ ಬಗೆಯ ಕುಂಚ ಬಿದ್ದಿರುತ್ತದೆ. ಪೆನ್ಸಿಲ್ ಚಿತ್ರದ ವಿಧಾನವನ್ನು ಕೈಯಾರೆ ಮಾಡಿ ನೋಡಿದ ಮೇಲೆ ನನಗೆ ದಾರಿ ತಿಳಿಯಿತು. ಕಪ್ಪು ಬಿಳುಪಾಗಿಸಿದ ಚಿತ್ರದ ಮೇಲೆ ಅದರದೇ ಪ್ರತಿಯನ್ನಿಟ್ಟು, ಆ ಪ್ರತಿಯ ಬೆಳಕು ನೆರಳನ್ನು ತಿರುಗುಮುರುಗು ಮಾಡಿ, ಕೆಳಗಿನ ಚಿತ್ರವನ್ನು ಬೆಳಗಿಸುವ ‘ಡಾಡ್ಜ್’ ವಿಧಾನದಲ್ಲಿ ಬೆರೆಸಿದರೆ ಹಾಳೆ ಬಹುಪಾಲು ಬಿಳಿಯಾಗುತ್ತದೆ. ಮೇಲಿನ ಪದರಕ್ಕೆ, ಅಂದರೆ ಆ ಪ್ರತಿಗೆ, ಚಿತ್ರವನ್ನು ಮಸುಕಾಗಿಸುವ ಗಾಸಿಯನ್ ಬ್ಲರ್ ಕೊಟ್ಟೊಡನೆ, ಬೆಳಕು ಥಟ್ಟನೆ ಬದಲಾಗುವ ಅಂಚುಗಳಲ್ಲಿ ಮಾತ್ರ ಗೆರೆಗಳು ಮೂಡುತ್ತವೆ. ಬ್ಲರ್‌ನ ಅಳತೆ ಹೆಚ್ಚಿದಂತೆ ಗೆರೆ ದಪ್ಪವಾಗುತ್ತದೆ. ಜಿಂಪ್‌ನ ನಿಜವಾದ ಬಲ ಫಿಲ್ಟರ್‌ಗಳ ಪಟ್ಟಿಯಲ್ಲಿಲ್ಲ, ಪದರಗಳಲ್ಲಿ ಮತ್ತು ಪದರದ ಬೇಕಾದ ಭಾಗವನ್ನಷ್ಟೇ ತೋರಿಸುವ ಮಾಸ್ಕ್‌ಗಳಲ್ಲಿದೆ ಎಂಬುದು ಅಂದಿನಿಂದ ನನ್ನ ದೃಢವಾದ ಅಭಿಪ್ರಾಯ.

ಬಾದಾಮಿಯ ಅಗಸ್ತ್ಯತೀರ್ಥದ ದಡದಲ್ಲಿರುವ ಭೂತನಾಥ ದೇವಾಲಯದ ಫೋಟೊ ಒಂದರ ಮೇಲೆ ನಾನು ತಿಂಗಳುಗಟ್ಟಲೆ ಕೆಲಸ ಮಾಡಿದ್ದೇನೆ. ಹಿಂದಿನ ಕೆಂಬಂಡೆಗೆ ಮೀಡಿಯನ್ ಬ್ಲರ್ ಕೊಟ್ಟು ಸಣ್ಣ ವಿವರಗಳನ್ನು ಅಳಿಸಿದೆ; ದೇವಾಲಯದ ಮೆಟ್ಟಿಲು ಮತ್ತು ಕಂಬಗಳ ಮೇಲೆ ಮಾಸ್ಕ್ ಎಳೆದು ಅವುಗಳನ್ನು ಸ್ಪಷ್ಟವಾಗಿಯೇ ಉಳಿಸಿಕೊಂಡೆ; ಕೊನೆಗೆ ಒರಟು ಕಾಗದದ ಹಾಳೆಯೊಂದರ ಫೋಟೊವನ್ನು ‘ಮಲ್ಟಿಪ್ಲೈ’ ವಿಧಾನದಲ್ಲಿ ಮೇಲೆ ಹರಡಿದೆ. ಈ ವಿಧಾನದಲ್ಲಿ ಕಾಗದದ ಬಿಳಿ ಮಾಯವಾಗಿ ಅದರ ತರಿತರಿ ಮಾತ್ರ ಚಿತ್ರಕ್ಕೆ ಇಳಿಯುತ್ತದೆ. ಸಂಜೆಯ ಆಕಾಶದಲ್ಲಿ ಪಟ್ಟೆಗಳು ಕಾಣಿಸದಂತೆ 16 ಬಿಟ್‌ನಲ್ಲಿ ಕೆಲಸ ಮಾಡುವುದು ಅಗತ್ಯ. 8 ಬಿಟ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳಾದರೆ ಇಲ್ಲಿ 65,536 ಇವೆ.

2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಿಂದ ನನ್ನ ಕೆಲಸದ ರೀತಿಯೇ ಬದಲಾಯಿತು. ಅದಕ್ಕೆ ಮೊದಲು ಫಿಲ್ಟರ್ ಹಾಕಿದರೆ ಪದರದ ಮೂಲವೇ ಬದಲಾಗುತ್ತಿದ್ದುದರಿಂದ, ಪ್ರತಿ ಹಂತದಲ್ಲೂ ಒಂದೊಂದು ಪ್ರತಿ ತೆಗೆದಿಟ್ಟುಕೊಳ್ಳಬೇಕಿತ್ತು. ಈಗ ಫಿಲ್ಟರ್ ಪದರದ ಜೊತೆಗೇ ಉಳಿಯುತ್ತದೆ, ಬೇಕೆಂದಾಗ ಅದರ ಅಳತೆಯನ್ನು ಬದಲಿಸಬಹುದು. ಪ್ರಯೋಗ ಮಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಕೊರತೆಗಳೂ ಇವೆ. ಕ್ಯಾಮೆರಾ ಸಂಸ್ಕರಿಸದೆ ಕೊಡುವ ‘ರಾ’ ಕಡತಗಳನ್ನು ಜಿಂಪ್ ತಾನೇ ತೆರೆಯುವುದಿಲ್ಲ. ಡಾರ್ಕ್‌ಟೇಬಲ್ ಅಥವಾ ರಾಥೆರಪಿಯಂತಹ ತಂತ್ರಾಂಶ ಜೊತೆಗಿರಬೇಕು. ಮುದ್ರಣದ ನಾಲ್ಕು ಶಾಯಿಗಳ ಬಣ್ಣಪದ್ಧತಿಯಾದ ಸಿಎಂವೈಕೆಯಲ್ಲಿ ನೇರವಾಗಿ ತಿದ್ದುವ ಸೌಲಭ್ಯವಿಲ್ಲ. ಮುದ್ರಣದಲ್ಲಿ ಬಣ್ಣ ಹೇಗೆ ಕಾಣಬಹುದೆಂಬುದನ್ನು ಪರದೆಯ ಮೇಲೆ ಮುಂಚಿತವಾಗಿ ನೋಡಿಕೊಳ್ಳಬಹುದು. ಪರದೆಯಲ್ಲಿ ಬೆಳಗುವ ಕೆಂಪೆಲ್ಲ ಶಾಯಿಯಲ್ಲಿ ಬರುವುದಿಲ್ಲವಾದ್ದರಿಂದ, ಗೋಡೆಗೆ ಹಾಕುವ ಚಿತ್ರ ಮಾಡುವವರು ಈ ನೋಟವನ್ನು ತಪ್ಪದೆ ಬಳಸಬೇಕು. ಕನ್ನಡ ಯೂನಿಕೋಡ್ ಅಕ್ಷರಗಳು ಒತ್ತುಗಳು ಕೆಡದಂತೆ ಮೂಡುವುದರಿಂದ ಚಿತ್ರದ ಮೂಲೆಯಲ್ಲಿ ಶೀರ್ಷಿಕೆ ಬರೆಯುವುದಕ್ಕೆ ತೊಡಕಿಲ್ಲ.

ಬಾದಾಮಿಯ ಚಿತ್ರವನ್ನು ಹೊಸ ಆವೃತ್ತಿಯಲ್ಲಿ ಮೂಲ ಫೋಟೊದಿಂದ ಮತ್ತೆ ಕಟ್ಟುತ್ತಿದ್ದೇನೆ. ಬಂಡೆಯ ಬ್ಲರ್ ಈ ಬಾರಿ ಮೊದಲಿನ ಅರ್ಧಕ್ಕೆ ಇಳಿದಿದೆ, ನೀರಿನಲ್ಲಿ ಬಿದ್ದ ಅದರ ನೆರಳಿಗೆ ಇನ್ನೂ ಸರಿಯಾದ ಅಳತೆ ಸಿಕ್ಕಿಲ್ಲ.